ಮನೆ ತಪ್ಪಿ ಬಂದ ಹುಳ

ಕಳೆದ ಮಳೆಗಾಲ ಮುಗಿದ ಮೇಲೆ ಅಕ್ಕನ ಮಗನ ಪಾದದಲ್ಲಿ ಒಂದು ಕೆಂಪು ಗೆರೆ ಕಾಣಿಸಿತು. ಹೆಬ್ಬೆರಳ ಬುಡದಿಂದ ಹೊರಟು ಅಂಕುಡೊಂಕಾಗಿ ಸಾಗಿತ್ತು, ಯಾರೋ ಬಾಲ್‌ಪೆನ್ನಿನಲ್ಲಿ ಗೀಚಿದ ಹಾಗೆ. ಹಿಂದಿನ ವಾರ ನಾವೆಲ್ಲ ಕಡಲ ಬದಿಗೆ ಹೋಗಿ ಬಂದಿದ್ದೆವು. ಯಾವ ಬೀಚು ಅಂತ ಹೇಳುವುದಿಲ್ಲ. ನಾಯಿ ಇಲ್ಲದ ಬೀಚು ನಮ್ಮ ಉಡುಪಿ, ಮಂಗಳೂರಿನಲ್ಲಿ ಯಾವುದುಂಟು ಹೇಳಿ?

ಮೆಡಿಕಲ್ ಶಾಪಿನಲ್ಲಿ ಹುಳಕಡ್ಡಿಗೆ ಹಚ್ಚುವ ಮುಲಾಮು ಕೊಟ್ಟರು. ಹುಳಕಡ್ಡಿ ಹೆಸರಿಗೆ ಮಾತ್ರ ಹುಳ, ಅದು ಫಂಗಸ್. ಹುಡುಗನ ಕಾಲಲ್ಲಿ ಇದ್ದದ್ದು ನಿಜವಾದ ಹುಳ. ಮುಲಾಮಿಗೆ ಅದು ಕ್ಯಾರೇ ಅನ್ನಲಿಲ್ಲ. ಮೂರನೇ ರಾತ್ರಿ ಅವನು ಗೆರೆಯ ತುದಿಗೆ ಪೆನ್ನಿನಲ್ಲಿ ಒಂದು ಚುಕ್ಕೆ ಇಟ್ಟು ಮಲಗಿದ. ಬೆಳಗ್ಗೆ ಎದ್ದು ನೋಡಿದರೆ ಗೆರೆ ಚುಕ್ಕೆಯನ್ನು ದಾಟಿ ಒಂದು ಸೆಂಟಿಮೀಟರಿನಷ್ಟು ಮುಂದೆ ಹೋಗಿದೆ. "ಮಾಮ, ಇದು ನಡೀತಾ ಉಂಟು!" ಎಂದು ಇಡೀ ಮನೆ ಎಬ್ಬಿಸಿದ.

ಚರ್ಮದ ಡಾಕ್ಟರಿಗೆ ಅದನ್ನು ಮುಟ್ಟಿ ನೋಡುವ ಅಗತ್ಯವೂ ಬೀಳಲಿಲ್ಲ. "ನಾಯಿಯ ಕೊಕ್ಕೆಹುಳದ ಮರಿ ಮಾರಾಯ್ರೆ. ದಾರಿ ತಪ್ಪಿದೆ, ಅಷ್ಟೇ" ಎಂದರು.

ದಾರಿ ತಪ್ಪಿದೆ ಎಂಬ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಪ್ರಾಣಿಗಳಿಂದ ನಮಗೆ ಬರುವ ಹುಳಗಳ ಬಗ್ಗೆ ಆಮೇಲೆ ಓದುತ್ತಾ ಹೋದ ಹಾಗೆ, ಇಡೀ ವಿಷಯದ ಕೀಲಿಕೈ ಆ ಮಾತಿನಲ್ಲೇ ಇದೆ ಅನಿಸಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ತುಳುವಿನಲ್ಲಿ ಹುಳಕ್ಕೆ ಪುರಿ ಅನ್ನುತ್ತೇವೆ. ಮೈಸೂರು ಕಡೆಯ ಗೆಳೆಯ ಬಂದು ಮಂಡಕ್ಕಿ ಬೇಕಾಗಿ "ಒಂದು ಸೇರು ಪುರಿ ಕೊಡಿ" ಅಂದರೆ ನಮ್ಮವರು ನಗುವುದು ಅದಕ್ಕೇ. ಮುಂದೆ ಹುಳ ಅಂತಲೇ ಬರೆಯುತ್ತೇನೆ.

ಪ್ರತಿ ಹುಳಕ್ಕೂ ಒಂದು ಸ್ವಂತ ಮನೆ ಇರುತ್ತದೆ. ನಾಯಿಯ ಹುಳಕ್ಕೆ ನಾಯಿ, ದನದ ಹುಳಕ್ಕೆ ದನ. ಲಕ್ಷಾಂತರ ವರ್ಷ ಒಟ್ಟಿಗೆ ಬಾಳಿ, ಆ ಮೈಯೊಳಗಿನ ಓಣಿ, ತಿರುವು, ಬಾಗಿಲು ಎಲ್ಲ ಹುಳಕ್ಕೆ ಗೊತ್ತಾಗಿರುತ್ತದೆ. ಚರ್ಮದಲ್ಲಿ ಹೊಕ್ಕರೆ ರಕ್ತನಾಳ ಎಲ್ಲಿ, ಎಲ್ಲಿ ನಿಲ್ಲಬೇಕು, ಯಾವಾಗ ಮೊಟ್ಟೆ ಇಡಬೇಕು, ಎಲ್ಲದಕ್ಕೂ ಅದರೊಳಗೇ ನಕ್ಷೆ ಉಂಟು. ಮನೆಯವರನ್ನು ಬೇಗ ಕೊಂದರೆ ತಾನೂ ಬೀದಿಪಾಲು, ಹಾಗಾಗಿ ಸ್ವಂತ ಮನೆಯಲ್ಲಿ ಅದು ಹೆಚ್ಚಾಗಿ ಸದ್ದಿಲ್ಲದೆ ಇರುತ್ತದೆ. ನಿರಪಾಯ ಅಂತ ಅಲ್ಲ. ಕೊಕ್ಕೆಹುಳ ಜಾಸ್ತಿಯಾದರೆ ನಾಯಿಮರಿ ರಕ್ತ ಇಲ್ಲದೆ ಸಾಯುತ್ತದೆ. ಆದರೂ ಅದೊಂದು ಹಳೆಯ ಸಂಸಾರ. ಅದೇ ಹುಳ ತಪ್ಪು ಮನೆಗೆ ಹೊಕ್ಕರೆ ನಕ್ಷೆ ಕೆಲಸಕ್ಕೆ ಬರುವುದಿಲ್ಲ. ಕೆಲವು ಹೊಸ್ತಿಲಲ್ಲೇ ಅಲೆಯುತ್ತವೆ. ಕೆಲವು ಕಣ್ಣು, ಮೆದುಳು, ಲಿವರ್ ಎಂದು ಹೋಗಬಾರದ ಕೋಣೆಗೆ ಹೋಗುತ್ತವೆ. ಇಲ್ಲಿ ದೊಡ್ಡವಾಗಲೂ ಆಗದು, ಹೊರಗೆ ಹೋಗಲೂ ಆಗದು. ನಮ್ಮ ಮೈ ಬೇರೆ ಅವುಗಳ ಮೇಲೆ ಯುದ್ಧಕ್ಕೆ ನಿಲ್ಲುತ್ತದೆ. ತೊಂದರೆಯಲ್ಲಿ ದೊಡ್ಡ ಪಾಲು ಆ ಯುದ್ಧದ್ದೇ.

ಅಕ್ಕನ ಮಗನ ಕಾಲಿಗೇ ಮರಳೋಣ. ನಾಯಿಯ ಕರುಳಿನಲ್ಲಿ ಕೊಕ್ಕೆಹುಳ ಮೊಟ್ಟೆ ಇಡುತ್ತದೆ, ಅದು ಮಲದೊಂದಿಗೆ ಮರಳಿಗೆ ಬೀಳುತ್ತದೆ. ಮರಳು ಬೆಚ್ಚಗಿದ್ದು, ಸ್ವಲ್ಪ ತೇವ, ಸ್ವಲ್ಪ ನೆರಳು ಇದ್ದರೆ ಒಂದೆರಡು ದಿನದಲ್ಲಿ ಮರಿ ಹೊರಬರುತ್ತದೆ. ವಾರ ಹತ್ತು ದಿನ ಕಳೆದರೆ ಚರ್ಮ ಕೊರೆಯಲು ತಯಾರು. ಉದ್ದ ಅರ್ಧ ಮಿಲಿಮೀಟರಿನಷ್ಟು, ಕಣ್ಣಿಗೆ ಕಾಣುವುದಿಲ್ಲ. ನಾಯಿಯ ಪಾದ ಸಿಕ್ಕಿದರೆ ಒಳಹೊಕ್ಕು, ರಕ್ತದಲ್ಲಿ ಸಾಗಿ, ಶ್ವಾಸಕೋಶಕ್ಕೆ ಬಂದು, ಅಲ್ಲಿಂದ ಗಂಟಲಿಗೆ ಏರಿ, ಉಗುಳಿನ ಜೊತೆ ನುಂಗಿಸಿಕೊಂಡು ಕರುಳು ಸೇರುತ್ತದೆ. ಉಡುಪಿಯಿಂದ ಮಂಗಳೂರಿಗೆ ಹೋಗಲು ಆಗುಂಬೆ ಸುತ್ತಿದ ಹಾಗೆ.

ಈ ಸುತ್ತುದಾರಿ ಗೊತ್ತಾದದ್ದು ಒಂದು ಎಡವಟ್ಟಿನಿಂದ. 1890ರ ದಶಕದಲ್ಲಿ ಈಜಿಪ್ಟಿನ ಕೈರೋದಲ್ಲಿ ಆರ್ಥರ್ ಲೂಸ್ ಎಂಬ ಜರ್ಮನ್ ವಿಜ್ಞಾನಿ ಮನುಷ್ಯರ ಕೊಕ್ಕೆಹುಳದ ಮರಿಗಳನ್ನು ಗಿನಿಯಿಲಿಗಳಿಗೆ ಕುಡಿಸುತ್ತಿದ್ದ. ಹುಳ ಬಾಯಿಯಿಂದಲೇ ಹೋಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಒಂದು ಹನಿ ಅವನ ಕೈಮೇಲೆ ಚೆಲ್ಲಿತು. ಚರ್ಮ ಕೆಂಪಾಗಿ ಉರಿಯಿತು. ಕೆಲವು ವಾರಗಳ ಮೇಲೆ ತನ್ನ ಮಲವನ್ನೇ ಪರೀಕ್ಷೆ ಮಾಡಿದರೆ ಅದರಲ್ಲಿ ಕೊಕ್ಕೆಹುಳದ ಮೊಟ್ಟೆಗಳು. ಬರಿಗಾಲಲ್ಲಿ ಓಡಾಡುವವರಿಗೇ ಯಾಕೆ ಈ ಹುಳ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮನುಷ್ಯರ ಕೊಕ್ಕೆಹುಳಕ್ಕೆ ನಮ್ಮ ಚರ್ಮ ಬಾಗಿಲು. ನಾಯಿಯ ಕೊಕ್ಕೆಹುಳಕ್ಕೆ ಅದು ಅರ್ಧ ತೆರೆದ ಬಾಗಿಲು. ಚರ್ಮದ ಮೇಲುಪದರ ಕೊರೆದು ಒಳಬರುತ್ತದೆ, ಅದರ ಕೆಳಗಿನ ತೆಳು ಪೊರೆಯನ್ನು ಸೀಳುವುದು ಅದರಿಂದ ಆಗುವುದಿಲ್ಲ. ಹೀಗಾಗಿ ಜಗಲಿಯಲ್ಲೇ ಆಚೆ ಈಚೆ ಅಲೆಯುತ್ತದೆ. ಗೆರೆ ಅಂದರೆ ಆ ಅಲೆದಾಟದ ಗುರುತು. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲೆದು ಕೊನೆಗೆ ಸಾಯುತ್ತದೆ. ಮಜಾ ಅಂದರೆ, ಹುಳ ಗೆರೆಯ ತುದಿಯಲ್ಲಿ ಇರುವುದೇ ಇಲ್ಲ. ಅದು ಮುಂದೆ ಹೋದ ಮೇಲೆ, ತಡವಾಗಿ ಅದರ ಹಿಂದೆ ಚರ್ಮ ಕೆಂಪಾಗುತ್ತದೆ. ಗೆರೆಯ ತುದಿಯನ್ನು ಸುಟ್ಟರೆ, ಸೂಜಿಯಿಂದ ಕೆದಕಿದರೆ ಪ್ರಯೋಜನ ಇಲ್ಲದಿರುವುದು ಅದಕ್ಕೇ. ಕಳ್ಳ ಹೋದ ಮೇಲೆ ಹೆಜ್ಜೆಗುರುತಿಗೆ ಹೊಡೆದ ಹಾಗೆ.

ಡಾಕ್ಟರು ತೂಕ ನೋಡಿ ಐವರ್‌ಮೆಕ್ಟಿನ್ ಒಂದು ಡೋಸ್ ಕೊಟ್ಟರು. ಕೆಲವರಿಗೆ ಆಲ್ಬೆಂಡಜೋಲ್ ಮೂರು ದಿನ ಕೊಡುವುದೂ ಉಂಟು. ಐವರ್‌ಮೆಕ್ಟಿನ್ ಕಥೆಯೇ ಚೆನ್ನಾಗಿದೆ. ಜಪಾನಿನ ಒಂದು ಗಾಲ್ಫ್ ಮೈದಾನದ ಹತ್ತಿರದ ಮಣ್ಣಿನಿಂದ ವಿಜ್ಞಾನಿ ಸತೋಶಿ ಓಮುರಾ ಹೆಕ್ಕಿದ ಸೂಕ್ಷ್ಮಜೀವಿ ಅದರ ಮೂಲ. ಮೊದಲು ಅದು ದನ, ಕುದುರೆಗಳ ಮದ್ದಾಗಿ ಬಂತು, ಮನುಷ್ಯರಿಗೆ ಆಮೇಲೆ. 2015ರಲ್ಲಿ ಓಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ ಇದಕ್ಕಾಗಿ ನೊಬೆಲ್ ಬಂತು. ಹುಳ ಪ್ರಾಣಿಗಳಿಂದ ನಮಗೆ ಬರುತ್ತದೆ, ಮದ್ದೂ ಅದೇ ದಾರಿಯಲ್ಲಿ ಬಂತು.

ಹಾಗಾದರೆ ಬೀಚಿಗೆ ಹೋಗುವುದೇ ಬೇಡವಾ? ಹೋಗಿ. ಉಬ್ಬರದ ನೀರು ದಿನಾ ಬಂದು ತೊಳೆಯುವ ಒದ್ದೆ ಮರಳಿನಲ್ಲಿ ಬರಿಗಾಲಲ್ಲಿ ನಡೆಯಿರಿ. ಅಲ್ಲಿ ಮಲವೂ ನಿಲ್ಲುವುದಿಲ್ಲ, ಮರಿಯೂ ಉಳಿಯುವುದಿಲ್ಲ. ಅಪಾಯ ಇರುವುದು ಅದರ ಮೇಲೆ, ನೀರು ಮುಟ್ಟದ ಜಾಗದಲ್ಲಿ, ಗಾಳಿಮರದ ನೆರಳಿನಲ್ಲಿ. ನಾಯಿಗಳು ಮಲಗುವುದೂ ಅಲ್ಲೇ, ನಾವು ಬಟ್ಟೆ ಹಾಸಿ ಚರ್ಮುರಿ ತಿನ್ನುವುದೂ ಅಲ್ಲೇ. ಅಲ್ಲಿ ಚಪ್ಪಲಿ ಇರಲಿ, ಕೂರುವುದಾದರೆ ದಪ್ಪ ಚಾಪೆ ಇರಲಿ.

ಒಂದು ತಿದ್ದುಪಡಿ. ನಾಯಿ, ಬೆಕ್ಕುಗಳ ಎಲ್ಲ ಕೊಕ್ಕೆಹುಳವೂ ನಮ್ಮ ಜಗಲಿಯಲ್ಲೇ ನಿಲ್ಲುವುದಿಲ್ಲ. ಆಂಕೈಲೋಸ್ಟೋಮಾ ಸಿಲಾನಿಕಂ ಎಂಬುದೊಂದು ಇದೆ, ಭಾರತವೂ ಸೇರಿ ಏಷ್ಯಾದಲ್ಲಿ. ಅದು ನಮ್ಮ ಕರುಳಿನವರೆಗೂ ಬಂದು, ಬೆಳೆದು, ರಕ್ತ ಹೀರುತ್ತದೆ. ಎರಡು ಮನೆಯ ಬೀಗದ ಕೈ ಇಟ್ಟುಕೊಂಡವರ ಹಾಗೆ. ಮಕ್ಕಳಿಗೆ ಮಾತ್ರ ಹುಳದ ಮಾತ್ರೆ ಕೊಟ್ಟು ನಾಯಿಯನ್ನು ಮರೆತರೆ ಇಂಥ ಹುಳ ಹೋಗುವುದಿಲ್ಲ.

ಅಂಗಳದಲ್ಲಿ ನಾಯಿಮರಿ ಇರುವವರು ಇನ್ನೊಂದು ಹುಳದ ಬಗ್ಗೆ ತಿಳಿದಿರಬೇಕು. ಟಾಕ್ಸೋಕಾರಾ ಕ್ಯಾನಿಸ್, ನಾಯಿಯ ದುಂಡುಹುಳ. ಶ್ಯಾವಿಗೆ ಎಳೆಯ ಹಾಗಿರುತ್ತದೆ. ಇದರ ಮರಿಗಳು ತಾಯಿನಾಯಿಯ ಮಾಂಸದಲ್ಲಿ ವರ್ಷಗಟ್ಟಲೆ ನಿದ್ದೆ ಹೋಗಿರುತ್ತವೆ. ನಾಯಿ ಬಸುರಿಯಾಗಿ ದಿನ ತುಂಬುತ್ತಾ ಬಂದಾಗ ಎಚ್ಚರಗೊಂಡು ಹೊಟ್ಟೆಯ ಮರಿಗಳಿಗೆ ದಾಟುತ್ತವೆ. ಅಂದರೆ ನಾಯಿಮರಿ ಹುಟ್ಟುವಾಗಲೇ ಹುಳ ಹೊತ್ತುಕೊಂಡು ಹುಟ್ಟುತ್ತದೆ. ಹಾಲಿನಲ್ಲೂ ಒಂದಿಷ್ಟು ಬರುತ್ತವೆ. ತಿಂಗಳಾಗುವಷ್ಟರಲ್ಲಿ ಹೊಟ್ಟೆ ಡೋಲಿನ ಹಾಗೆ ಉಬ್ಬಿ, ಅದು ಹೋದಲ್ಲೆಲ್ಲ ಮೊಟ್ಟೆ ಬೀಳುತ್ತದೆ. ಒಂದು ಹೆಣ್ಣುಹುಳ ದಿನಕ್ಕೆ ಲಕ್ಷದ ಲೆಕ್ಕದಲ್ಲಿ ಮೊಟ್ಟೆ ಇಡಬಲ್ಲದು.

ಇಲ್ಲಿ ಎಲ್ಲರೂ ಎಡವುವ ಒಂದು ವಿಷಯ ಇದೆ. ನಾಯಿಮರಿಯನ್ನು ಮುದ್ದು ಮಾಡಿದರೆ ಹುಳ ಬರುತ್ತದೆ ಎಂದು ಹೆದರುತ್ತಾರೆ. ಆಗಷ್ಟೇ ಬಿದ್ದ ಮೊಟ್ಟೆ ಏನೂ ಮಾಡದು. ಅದು ಮಣ್ಣಿನಲ್ಲಿ ಎರಡು ಮೂರು ವಾರ ಇದ್ದು ಒಳಗೆ ಮರಿ ಬೆಳೆದ ಮೇಲೆಯೇ ಅಪಾಯ. ಹಾಗಾಗಿ ಭಯ ಪಡಬೇಕಾದದ್ದು ನಾಯಿಗಿಂತ ಜಾಸ್ತಿ ಅಂಗಳದ ಮಣ್ಣಿಗೆ. ನಾಯಿ ಮಾಡಿದ್ದನ್ನು ಅದೇ ದಿನ ಎತ್ತಿ ಹೂತರೆ ಅರ್ಧ ಕೆಲಸ ಮುಗಿಯಿತು. ಬಿಟ್ಟರೆ ಮಲ ಮಳೆಗೆ ಕರಗಿ ಹೋಗಿರುತ್ತದೆ, ಮೊಟ್ಟೆ ಮಾತ್ರ ಅಲ್ಲೇ ವರ್ಷಗಟ್ಟಲೆ ಇರುತ್ತದೆ. ಮಣ್ಣು ತಿನ್ನುವ ಮಕ್ಕಳಿಗೆ, ಆಡಿ ಬಂದು ಕೈ ತೊಳೆಯದೆ ಬಾಯಿಗೆ ಹಾಕುವವರಿಗೆ ಅದು ಸಿಗುತ್ತದೆ. ನಮ್ಮ ಇಷ್ಟದ ತಿಮರೆ ಚಟ್ನಿಯೂ ನೆನಪಾಗುತ್ತದೆ. ತಿಮರೆ ನೆಲಕ್ಕೆ ಅಂಟಿ ಬೆಳೆಯುವ ಸೊಪ್ಪು, ಅರೆಯುವುದು ಹಸಿಯಾಗಿ. ಎಲೆ ಎಲೆ ಬಿಡಿಸಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಸುಮ್ನೆ ಪಾತ್ರೆಯಲ್ಲಿ ಅದ್ದಿ ತೆಗೆದರೆ ಸಾಲದು.

ನಮ್ಮ ಹೊಟ್ಟೆಯಲ್ಲಿ ಮೊಟ್ಟೆ ಒಡೆದು ಹೊರಬಂದ ಮರಿ ಕರುಳನ್ನು ಕೊರೆದು ಲಿವರಿಗೆ, ಶ್ವಾಸಕೋಶಕ್ಕೆ, ಅಪರೂಪಕ್ಕೆ ಮೆದುಳಿಗೆ ಹೋಗುತ್ತದೆ. ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಕೆಲವು ಮಕ್ಕಳಿಗೆ ಜ್ವರ, ಕೆಮ್ಮು ಬರುತ್ತದೆ, ರಕ್ತ ಪರೀಕ್ಷೆಯಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳ ಎಣಿಕೆ ಏರಿರುತ್ತದೆ. ಕೆಟ್ಟದ್ದು ಕಣ್ಣಿಗೆ ಹೋದಾಗ. ರೆಟಿನಾದ ಮೇಲೆ ಬಿಳಿ ಗಂಟಾಗಿ ಕುಳಿತು, ಕಣ್ಣಿನ ಕ್ಯಾನ್ಸರಿನ ಹಾಗೆಯೇ ಕಾಣುತ್ತದೆ. ಇದನ್ನು ತೋರಿಸಿಕೊಟ್ಟದ್ದು ಅಮೆರಿಕದ ಸಂಶೋಧಕಿ ಹೆಲೆನರ್ ವೈಲ್ಡರ್. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ 46 ಕಣ್ಣುಗಳನ್ನು ತೆಳುವಾಗಿ ಕೊಯ್ದು ನೋಡಿ, 24ರಲ್ಲಿ ಹುಳದ ಮರಿ ಅಥವಾ ಅದರ ಕುರುಹು ಇತ್ತು ಎಂದು 1950ರಲ್ಲಿ ಬರೆದರು. ಕ್ಯಾನ್ಸರ್ ಎಂದು ಹೆದರಿ ತೆಗೆದ ಮಕ್ಕಳ ಕಣ್ಣುಗಳು ಅವುಗಳಲ್ಲಿದ್ದವು. ಆ ಲೆಕ್ಕ ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತಿದ್ದೆ.

ಕಣ್ಣಿನ ಮಾತು ಬಂತಲ್ಲ, ನಮ್ಮ ಕಡೆಯ ಪೇಪರಿನಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ: ಕಣ್ಣಿನಿಂದ ಜೀವಂತ ಹುಳ ಹೊರತೆಗೆದ ವೈದ್ಯರು. ಜೊತೆಗೆ ಬಿಳಿ ದಾರದಂಥ ಹುಳದ ಫೋಟೋ. ಓದಿದವರು ಕಣ್ಣುಜ್ಜಿಕೊಂಡು ಮರೆತುಬಿಡುತ್ತಾರೆ. ಆ ಹುಳ ಹೆಚ್ಚಾಗಿ ಡೈರೋಫೈಲೇರಿಯಾ ರೆಪೆನ್ಸ್, ನಾಯಿಯ ಚರ್ಮದಡಿಯ ಹುಳ. ಕೇರಳದಿಂದ ಇದರ ವರದಿ ಜಾಸ್ತಿ, ದಕ್ಷಿಣ ಕನ್ನಡದಿಂದಲೂ ಬಂದಿವೆ.

ಇದು ಮಣ್ಣಿನಿಂದ ಬರುವುದಲ್ಲ, ಸೊಳ್ಳೆಯಿಂದ. ನಾಯಿಯ ರಕ್ತದಲ್ಲಿ ಈ ಹುಳದ ಸೂಕ್ಷ್ಮ ಮರಿಗಳು ಓಡಾಡುತ್ತಿರುತ್ತವೆ. ಸೊಳ್ಳೆ ಕಚ್ಚಿದಾಗ ಅದರ ಹೊಟ್ಟೆ ಸೇರುತ್ತವೆ, ಎರಡು ವಾರದ ಹೊತ್ತಿಗೆ ಮುಂದಿನ ಹಂತಕ್ಕೆ ಬೆಳೆಯುತ್ತವೆ. ಅದೇ ಸೊಳ್ಳೆ ನಮ್ಮನ್ನು ಕಚ್ಚಿದರೆ ಹುಳ ನಮ್ಮೊಳಗೆ. ಆನೆಕಾಲು ರೋಗದ ಹುಳಕ್ಕೆ ಇದು ದೂರದ ಸಂಬಂಧಿ. ಆನೆಕಾಲು ನಮ್ಮೆರಡೂ ಜಿಲ್ಲೆಯ ಹಿರಿಯರಿಗೆ ಚೆನ್ನಾಗಿ ಗೊತ್ತಿರುವ ಕಾಯಿಲೆ. ಸೊಳ್ಳೆಯೊಳಗೆ ಹುಳ ಬೆಳೆಯುತ್ತದೆ ಎಂದು ಜಗತ್ತಿಗೆ ಮೊದಲು ಗೊತ್ತಾದದ್ದೂ ಅದರಿಂದಲೇ, 1877ರಲ್ಲಿ, ಚೀನಾದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಡಾಕ್ಟರಿನಿಂದ. ಮಲೇರಿಯಾದ ಸೊಳ್ಳೆ ಕಥೆ ಬಯಲಾದದ್ದು ಅದಾಗಿ 20 ವರ್ಷಕ್ಕೆ. ಆನೆಕಾಲಿನ ಹುಳಕ್ಕೆ ಮನುಷ್ಯನೇ ಸ್ವಂತ ಮನೆ. ಜೋಡಿ ಸಿಗುತ್ತದೆ, ಸಂಸಾರ ಬೆಳೆಯುತ್ತದೆ, ಸೊಳ್ಳೆಯ ಮೂಲಕ ಇನ್ನೊಬ್ಬರಿಗೆ ಹೋಗುತ್ತದೆ. ನಾಯಿಯ ಹುಳಕ್ಕೆ ನಾವು ದಾರಿ ಮುಗಿದ ಊರು. ಸಾಮಾನ್ಯವಾಗಿ ಒಂದೇ ಹುಳ ಇರುತ್ತದೆ, ಚರ್ಮದಡಿ ತಿಂಗಳುಗಟ್ಟಲೆ ಅಲೆಯುತ್ತದೆ. ಮುಖದಲ್ಲೋ ಎದೆಯಲ್ಲೋ ಗಂಟಾಗಿ ನಿಲ್ಲುತ್ತದೆ, ಇಲ್ಲವೇ ಕಣ್ಣಿನ ಬಿಳಿಭಾಗದ ಪೊರೆಯಡಿ ಹರಿದಾಡುತ್ತದೆ. ಅರ್ಧ ಗೇಣಿನಷ್ಟು ಉದ್ದ ಇರಬಹುದು.

ಕೇಳಲು ಭಯಂಕರ, ಆದರೆ ಈ ಲೇಖನದಲ್ಲಿ ಬರುವ ಹುಳಗಳಲ್ಲಿ ಇದು ಬಹುಶಃ ಅತಿ ಸಾಧು. ಜಾಗ ಮರಗಟ್ಟಿಸಿ ಚಿಮುಟದಲ್ಲಿ ಎಳೆದು ತೆಗೆದರೆ ಮುಗಿಯಿತು. ಹೆಚ್ಚಾಗಿ ಬೇರೆ ಮದ್ದೂ ಬೇಡ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ತೆಗೆದ ಹುಳವನ್ನು ಲ್ಯಾಬಿಗೆ ಕಳಿಸುತ್ತಾರೆ, ಅದರ ಮೈಮೇಲೆ ಉದ್ದಕ್ಕೆ ಓಡುವ ಸಣ್ಣ ಏಣುಗಳನ್ನು ನೋಡಿ ಜಾತಿ ಗುರುತಿಸುತ್ತಾರೆ. ಕಣ್ಣಲ್ಲಿ ಏನೋ ಹರಿದಂತೆ ಆದರೆ ಉಜ್ಜದೆ, ಮನೆಮದ್ದು ಹಾಕದೆ, ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು. ತಡವಾದರೆ ಅದು ಜಾಗ ಬದಲಿಸಿ ಕಣ್ಣಿಗೆ ಕಾಣದಂತೆ ಒಳಸೇರಬಹುದು.

ಇನ್ನು ಗದ್ದೆಯ ವಿಷಯ. ಅಜ್ಜಿ ನೇಜಿ ನೆಟ್ಟು ಬಂದ ಸಂಜೆ ಮೊಣಕಾಲವರೆಗೆ ತೆಂಗಿನೆಣ್ಣೆ ಹಚ್ಚಿಕೊಂಡು ತುರಿಸುತ್ತಾ ಕೂರುತ್ತಿದ್ದರು. ಗದ್ದೆಯ ತುರಿಕೆಗೆ ಗೊಬ್ಬರ, ಹುಲ್ಲು, ಕೆಸರು ಎಂದು ನೂರು ಕಾರಣ. ಅದರಲ್ಲಿ ಒಂದು ಹುಳ. ದನಗಳಿಗೆ ಗೊರಕೆ ರೋಗ ಅಂತ ಬರುತ್ತದೆ. ಶಿಸ್ಟೋಸೋಮಾ ನೇಸೇಲ್ ಎಂಬ ಹುಳ ದನದ ಮೂಗಿನ ರಕ್ತನಾಳಗಳಲ್ಲಿ ವಾಸ ಮಾಡಿ, ಮೂಗಿನೊಳಗೆ ಹೂಕೋಸಿನಂಥ ಗಂಟು ಬೆಳೆಸುತ್ತದೆ. ಉಸಿರಾಡುವಾಗ ದನ ಗೊರಕೆ ಹೊಡೆಯುತ್ತದೆ. ಸಿಂಬಳದಲ್ಲಿ ಬಿದ್ದ ಮೊಟ್ಟೆ ನೀರಿನಲ್ಲಿ ಒಡೆದು, ಚಪ್ಪಟೆ ಸುರುಳಿಯ ಒಂದು ಸಣ್ಣ ಬಸವನಹುಳುವಿನೊಳಗೆ ಹೊಕ್ಕು ಬೆಳೆಯುತ್ತದೆ. ಅಲ್ಲಿಂದ ಹೊರಬಂದ ಮರಿಗಳು ನೀರಿನಲ್ಲಿ ಈಜುತ್ತಾ ದನದ ಚರ್ಮ ಹುಡುಕುತ್ತವೆ. ಸಿಗುವುದು ಕೆಲವೊಮ್ಮೆ ಅಜ್ಜಿಯ ಕಾಲು. ಹೊಕ್ಕು ಅಲ್ಲೇ ಸಾಯುತ್ತವೆ, ಆ ಸಾವಿಗೆ ಚರ್ಮ ತುರಿಸುತ್ತದೆ. ಅಷ್ಟೇ, ಮುಂದೆ ಹೋಗುವುದಿಲ್ಲ. ಈಗ ಗದ್ದೆಗೆ ಟಿಲ್ಲರ್ ಬಂದಿದೆ, ಹಟ್ಟಿಯಲ್ಲಿ ದನ ಕಡಿಮೆ. ಕೆಸರುಗದ್ದೆ ಓಟದಲ್ಲಿ ಬಿದ್ದೆದ್ದವರಿಗೆ ತುರಿಕೆಗಿಂತ ಬೆನ್ನುನೋವೇ ಜಾಸ್ತಿ.

ಇಲ್ಲಿವರೆಗೆ ಹೇಳಿದ್ದೆಲ್ಲ ವಿಳಾಸ ತಪ್ಪಿದವುಗಳ ಕಥೆ. ಲಾಡಿಹುಳಗಳ ಕಥೆ ಸ್ವಲ್ಪ ಬೇರೆ. ಅವುಗಳಿಗೆ ಎರಡು ಮನೆ ಬೇಕು. ಬೇಟೆಗಾರನ ಕರುಳಿನಲ್ಲಿ ದೊಡ್ಡವಾಗುತ್ತವೆ, ಬೇಟೆಯ ಮಾಂಸದಲ್ಲಿ ಗುಳ್ಳೆಯಾಗಿ ಕಾಯುತ್ತವೆ. ಬೇಟೆಗಾರ ಮಾಂಸ ತಿಂದಾಗ ಚಕ್ರ ಪೂರ್ತಿ. ಇಲ್ಲಿ ಪ್ರಶ್ನೆ ಇರುವುದು, ಹುಳ ನಮ್ಮನ್ನು ಯಾರೆಂದು ತಿಳಿಯುತ್ತದೆ?

ಎಕೈನೋಕಾಕಸ್ ಎಂಬುದು ನಮ್ಮನ್ನು ಕುರಿ ಎಂದು ತಿಳಿಯುತ್ತದೆ. ಇದು ನಾಯಿಯ ಕರುಳಿನಲ್ಲಿ ಇರುವ, ಅರ್ಧ ಸೆಂಟಿಮೀಟರ್ ಆಚೀಚೆ ಉದ್ದದ ಪುಟ್ಟ ಲಾಡಿಹುಳ. ಮೊಟ್ಟೆ ಹುಲ್ಲಿನ ಮೇಲೆ ಬಿದ್ದು, ಕುರಿ ಆಡು ದನ ಮೇಯುವಾಗ ಹೊಟ್ಟೆ ಸೇರಿ, ಲಿವರಿನಲ್ಲೋ ಶ್ವಾಸಕೋಶದಲ್ಲೋ ನೀರುಗುಳ್ಳೆಯಾಗುತ್ತದೆ. ಕಡಿದವರು ಆ ಲಿವರ್ ಎಸೆದರೆ ನಾಯಿ ತಿನ್ನುತ್ತದೆ, ಚಕ್ರ ಮತ್ತೆ ಶುರು. ಮೊಟ್ಟೆ ಮನುಷ್ಯನ ಬಾಯಿಗೆ ಹೋದರೆ ನಮ್ಮ ಲಿವರಿನಲ್ಲೂ ಅದೇ ಗುಳ್ಳೆ. ವರ್ಷಗಟ್ಟಲೆ ನಿಧಾನಕ್ಕೆ ಬೆಳೆದು, ತೆಂಗಿನಕಾಯಿ ಗಾತ್ರಕ್ಕೆ ಬಂದ ಮೇಲೆ ಯಾವುದೋ ಸ್ಕ್ಯಾನಿನಲ್ಲಿ ಕಾಣುತ್ತದೆ. ಗುಳ್ಳೆ ಒಡೆದರೆ ಮೈಯೆಲ್ಲ ಅಲರ್ಜಿಯಾಗಿ ಜೀವಕ್ಕೇ ಅಪಾಯ, ಒಳಗಿನ ಬೀಜಗಳು ಚೆಲ್ಲಿ ಬೇರೆ ಕಡೆ ಹೊಸ ಗುಳ್ಳೆಗಳೂ ಏಳಬಹುದು. ಸರ್ಜನ್‌ಗಳು ಇದನ್ನು ಮೊಟ್ಟೆಯ ಹಾಗೆ ಜೋಪಾನ ಮಾಡಿ ತೆಗೆಯುವುದು ಅದಕ್ಕೇ. ಮಾಂಸದಂಗಡಿಯ ಹಿಂದೆ ನಾಯಿಗಳ ಸಾಲು ಕಂಡರೆ ಈ ಹುಳ ನೆನಪಿಗೆ ಬರಬೇಕು. ಅಂಗಡಿಯವರು ಕೆಟ್ಟ ಲಿವರನ್ನು ಹೂಳಿದರೆ ಅಥವಾ ಸುಟ್ಟರೆ ಚಕ್ರ ಅಲ್ಲಿಗೆ ಕಡಿಯುತ್ತದೆ. ಯಾವ ಆಸ್ಪತ್ರೆಯಲ್ಲೂ ಇಷ್ಟು ಅಗ್ಗದ ಚಿಕಿತ್ಸೆ ಇಲ್ಲ.

ಹಂದಿಯ ಲಾಡಿಹುಳ, ಟೀನಿಯಾ ಸೋಲಿಯಂ, ಇನ್ನೂ ವಿಚಿತ್ರ. ಅದಕ್ಕೆ ಬೇಟೆಗಾರ ನಾವೇ. ಸರಿಯಾಗಿ ಬೇಯದ ಹಂದಿಮಾಂಸದಲ್ಲಿ ಸಾಬಕ್ಕಿ ಕಾಳಿನಂಥ ಗುಳ್ಳೆ ಇದ್ದು, ಅದನ್ನು ತಿಂದರೆ ನಮ್ಮ ಕರುಳಿನಲ್ಲಿ ಮೀಟರುಗಟ್ಟಲೆ ಉದ್ದದ ಲಾಡಿಹುಳ ಬೆಳೆಯುತ್ತದೆ. ಗುಳ್ಳೆಯೂ ಲಾಡಿಹುಳವೂ ಒಂದೇ ಜೀವಿ ಎಂದು ತೋರಿಸಲು 1855ರಲ್ಲಿ ಜರ್ಮನಿಯ ಫ್ರೆಡ್ರಿಕ್ ಕ್ಯೂಖೆನ್‌ಮೈಸ್ಟರ್ ಎಂಬ ಡಾಕ್ಟರು ಮರಣದಂಡನೆಯ ಕೈದಿಯೊಬ್ಬನಿಗೆ ಗೊತ್ತಾಗದಂತೆ ಊಟದಲ್ಲಿ ಗುಳ್ಳೆ ಬೆರೆಸಿ ತಿನ್ನಿಸಿದ. ಶಿಕ್ಷೆ ಜಾರಿಯಾದ ಮೇಲೆ ಕರುಳು ಬಗೆದು ನೋಡಿದರೆ ಎಳೆಯ ಲಾಡಿಹುಳಗಳು. ವಿಜ್ಞಾನ ಗೆದ್ದಿತು ನಿಜ. ಆ ಊಟದ ಕಥೆ ನನಗೆ ಮಾತ್ರ ಇಂದಿಗೂ ಜೀರ್ಣವಾಗಿಲ್ಲ.

ಕರುಳಿನ ಲಾಡಿಹುಳ ಅಷ್ಟು ದೊಡ್ಡ ತೊಂದರೆ ಅಲ್ಲ. ಅನೇಕರಿಗೆ ಇದ್ದದ್ದೇ ಗೊತ್ತಾಗುವುದಿಲ್ಲ, ಸ್ವಂತ ಮನೆಯಲ್ವಾ. ಅದರ ತುಂಡುಗಳು ಕಳಚಿ ಮಲದಲ್ಲಿ ಬೀಳುತ್ತವೆ, ಒಂದೊಂದು ತುಂಡಿನಲ್ಲಿ ಸಾವಿರಾರು ಮೊಟ್ಟೆ. ಬಯಲಿನಲ್ಲಿ ಕೂತರೆ ಆ ಮೊಟ್ಟೆ ಹಂದಿಯ ಹೊಟ್ಟೆಗೆ ಹೋಗಿ ಗುಳ್ಳೆಯಾಗಬೇಕು. ಆದರೆ ಹಂದಿಯ ಬದಲು ಮನುಷ್ಯನ ಬಾಯಿಗೆ ಹೋದರೆ? ಆಗ ಹುಳ ನಮ್ಮನ್ನು ಹಂದಿ ಎಂದು ತಿಳಿಯುತ್ತದೆ. ಮಾಂಸಖಂಡದಲ್ಲಿ, ಕಣ್ಣಿನಲ್ಲಿ, ಮೆದುಳಿನಲ್ಲಿ ಗುಳ್ಳೆಯಾಗಿ ಕುಳಿತು, ಬರಲಾರದ ಬೇಟೆಗಾರನಿಗಾಗಿ ಕಾಯುತ್ತದೆ. ವರ್ಷಗಳ ಮೇಲೆ ಗುಳ್ಳೆ ಸಾಯುವಾಗ ಸುತ್ತಲೂ ಬಾವು ಬರುತ್ತದೆ, ಫಿಟ್ಸ್ ಶುರುವಾಗುತ್ತದೆ. ಈ ಹುಳ ಬೇರೂರಿದ ಪ್ರದೇಶಗಳಲ್ಲಿ ಮೂರ್ಛೆರೋಗದ ಸುಮಾರು ಶೇ. 30ರಷ್ಟಕ್ಕೆ ಇದೇ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದಲ್ಲಿ ಫಿಟ್ಸ್ ಬಂದವರ ಮೆದುಳಿನ ಸ್ಕ್ಯಾನಿನಲ್ಲಿ ಒಂಟಿ ಚುಕ್ಕೆ ಕಂಡರೆ ಒಂದು ಕಾಲದಲ್ಲಿ ಕ್ಷಯ ಎಂದೇ ಭಾವಿಸಿ ಮದ್ದು ಕೊಡುತ್ತಿದ್ದರು. 1980ರ ದಶಕದ ಕೊನೆಯ ಹೊತ್ತಿಗೆ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯ ವೈದ್ಯರು ಅಂಥ ಚುಕ್ಕೆಗಳನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಸಾಯುತ್ತಿರುವ ಹುಳದ ಗುಳ್ಳೆಗಳು ಎಂದು ತೋರಿಸಿದರು.

ಇನ್ನು ತಪ್ಪು ತಿಳಿವಳಿಕೆಯ ಲೆಕ್ಕ. ನಮ್ಮೂರಲ್ಲಿ ಇದು ಎರಡು ಬಗೆ. ಒಂದು, "ಕೋಸು ತಿಂದರೆ ತಲೆಗೆ ಹುಳ ಹೋಗುತ್ತದೆ." ಕೋಸಿನಲ್ಲಿ ಕಾಣುವ ಹಸಿರು ಹುಳ ಚಿಟ್ಟೆಯದೋ ಪತಂಗದ್ದೋ ಮರಿ, ತಲೆಗೆ ಹೋಗುವುದಿಲ್ಲ. ಆದರೆ ಮನುಷ್ಯರ ಮಲ ಸೇರಿದ ನೀರು ಬಿಟ್ಟು ಬೆಳೆದ ಯಾವುದೇ ತರಕಾರಿಯನ್ನು ಹಸಿಯಾಗಿ ತಿಂದರೆ ಮೊಟ್ಟೆ ಹೋಗಬಹುದು. ಪಾಪ, ಬೈಗುಳ ಮಾತ್ರ ಕೋಸಿಗೆ. ಎರಡು, "ನಾವು ಹಂದಿ ಮುಟ್ಟುವವರಲ್ಲ, ನಮಗೆ ಬರುವುದಿಲ್ಲ." ಬರುತ್ತದೆ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಮನೆಗಳಲ್ಲಿ ಈ ಕಾಯಿಲೆ ಕಾಣಿಸಿಕೊಂಡು ಡಾಕ್ಟರುಗಳು ತಬ್ಬಿಬ್ಬಾದರು. ಹಂದಿಮಾಂಸ ಹೊಸ್ತಿಲೊಳಗೆ ಬಾರದ ಮನೆಗಳು ಅವು. ಹುಡುಕಿದರೆ, ಅಡುಗೆಮನೆಯಲ್ಲಿ ಕೆಲಸ ಮಾಡುವವರಲ್ಲಿ ಈ ಹುಳ ಇರುವ ದೇಶಗಳಿಂದ ಬಂದವರು ಇದ್ದರು, ಕೆಲವರ ಕರುಳಿನಲ್ಲಿ ಅವರಿಗೇ ಗೊತ್ತಿಲ್ಲದ ಲಾಡಿಹುಳ ಇತ್ತು. ಗುಳ್ಳೆ ಇರುವ ಮಾಂಸ ತಿಂದರೆ ಲಾಡಿಹುಳ, ಮೊಟ್ಟೆ ತಿಂದರೆ ತಲೆಗೆ ಗುಳ್ಳೆ. ಮೊಟ್ಟೆ ಬರುವುದು ಮನುಷ್ಯರಿಂದ, ಹಂದಿಯಿಂದ ಅಲ್ಲ. ಹಾಗಾಗಿ ಮಂಗಳೂರಿನ ಮನೆಗಳಲ್ಲಿ ಬಾಫಾತ್ ಪುಡಿ ಹಾಕಿ ಗಂಟೆಗಟ್ಟಲೆ ಬೇಯಿಸುವ ದುಕ್ರಾಮಾಸ್, ಅಂದರೆ ಹಂದಿಮಾಂಸದ ಅಡುಗೆಯ ಮೇಲೆ ಅನುಮಾನ ಪಡಬೇಡಿ. ಅಷ್ಟು ಬೆಂದ ಮೇಲೆ ಯಾವ ಗುಳ್ಳೆಯೂ ಬದುಕುವುದಿಲ್ಲ. ನೋಡಬೇಕಾದದ್ದು ಶೌಚಾಲಯ, ಸೋಪು, ಉಗುರು.

ಮೀನಿನ ಬಗ್ಗೆಯೂ ಕೇಳುತ್ತಾರೆ. ಮೀನು ಕೊಯ್ಯುವಾಗ ಹೊಟ್ಟೆಯೊಳಗೆ ಸುರುಳಿ ಸುತ್ತಿದ ಬಿಳಿ ಹುಳ ಕಂಡರೆ ಕೆಲವರು ಮೀನನ್ನೇ ಎಸೆಯುತ್ತಾರೆ. ಸಮುದ್ರದ ಮೀನುಗಳಲ್ಲಿ ಅನಿಸಾಕಿಸ್ ಎಂಬ ಹುಳದ ಗುಂಪು ಇದೆ, ಅವುಗಳ ನಿಜವಾದ ಮನೆ ತಿಮಿಂಗಿಲ, ಡಾಲ್ಫಿನ್. ಹಸಿ ಮೀನು ತಿನ್ನುವ ದೇಶಗಳಲ್ಲಿ ಅದರಿಂದ ಹೊಟ್ಟೆನೋವು ಬರುವುದುಂಟು. ನಾವು ಬಂಗುಡೆಯನ್ನು ಹಸಿ ತಿನ್ನುತ್ತೇವಾ? ಕರುಳು ತೆಗೆದು ಪುಳಿಮುಂಚಿ ಮಾಡಿ ಕುದಿಸಿದರೆ ಆಯ್ತು. ಸುಶಿ ತಿನ್ನುವ ಆಸೆ ಇದ್ದವರು ಮಾತ್ರ ಮೀನನ್ನು ಸರಿಯಾಗಿ ಫ್ರೀಜ್ ಮಾಡಿದ್ದಾರಾ ಎಂದು ಕೇಳಿ. ಮನೆಯ ಫ್ರಿಜ್ಜಿನ ತಂಪು ಅದಕ್ಕೆ ಸಾಲದು, ಮೈನಸ್ 20 ಡಿಗ್ರಿಯಲ್ಲಿ ದಿನಗಟ್ಟಲೆ ಇಟ್ಟಿರಬೇಕು.

ಫೆಬ್ರವರಿ 10ರಂದು ಶಾಲೆ, ಅಂಗನವಾಡಿಗಳಲ್ಲಿ ಮಕ್ಕಳಿಗೆ ಆಲ್ಬೆಂಡಜೋಲ್ ಚೀಪಿಸುತ್ತಾರಲ್ಲ, 2015ರಿಂದ ನಡೆಯುತ್ತಿರುವ ಜಂತುಹುಳ ನಿವಾರಣಾ ದಿನ, ಅದು ಒಳ್ಳೆಯ ಕೆಲಸ. ಆದರೆ ಅಕ್ಕ ನನ್ನನ್ನು ಕೇಳಿದಳು: "ಇವನು ಶಾಲೆಯಲ್ಲಿ ಮಾತ್ರೆ ತಿಂದಿದ್ದ. ಮತ್ತೆ ಕಾಲಿಗೆ ಹುಳ ಹೇಗೆ ಬಂತು?" ಆ ಒಂದು ಮಾತ್ರೆ ಕರುಳಿನಲ್ಲಿ ಮನೆ ಮಾಡಿದ ನಮ್ಮದೇ ಹುಳಗಳಿಗೆ, ಅಂದರೆ ದುಂಡುಹುಳ, ಕೊಕ್ಕೆಹುಳ, ಚಾಟಿಹುಳಗಳಿಗೆ. ಒಂದೆರಡು ದಿನದಲ್ಲಿ ಅದರ ಪ್ರಭಾವ ಮುಗಿಯುತ್ತದೆ. ಆರು ತಿಂಗಳ ಮೇಲೆ ಕಾಲಿಗೆ ಹೊಕ್ಕದ್ದನ್ನು ಅದು ತಡೆಯದು. ಕಣ್ಣಲ್ಲಿ, ಮೆದುಳಿನಲ್ಲಿ, ಲಿವರಿನಲ್ಲಿ ಕುಳಿತ ದಾರಿತಪ್ಪಿದವುಗಳಿಗೂ ಒಂದು ಡೋಸ್ ಸಾಕಾಗುವುದಿಲ್ಲ. ತಲೆಯಲ್ಲಿ ಗುಳ್ಳೆ ಇದೆ ಎಂದು ಗೊತ್ತಾದವರು ಅಂಗಡಿಯಿಂದ ಹುಳದ ಮಾತ್ರೆ ತಂದು ನುಂಗಲೇಬಾರದು. ಗುಳ್ಳೆಗಳು ಒಮ್ಮೆಗೇ ಸತ್ತು ಬಾವು ಏರಿದರೆ ಫಿಟ್ಸ್ ಜಾಸ್ತಿಯಾಗಬಹುದು. ಡಾಕ್ಟರುಗಳು ಅದನ್ನು ಬಾವು ಇಳಿಸುವ ಸ್ಟಿರಾಯ್ಡ್ ಜೊತೆಗೆ, ಕಣ್ಗಾವಲಿನಲ್ಲಿ ಕೊಡುತ್ತಾರೆ.

ಹಾಗಾಗಿ ನಾಯಿಯಿಂದ ಬರುವ ಹುಳಗಳ ಮದ್ದು ಇರಬೇಕಾದದ್ದು ನಾಯಿಯ ಹೊಟ್ಟೆಯಲ್ಲಿ. ಪಶುವೈದ್ಯರು ಹೇಳುವುದು ಇಷ್ಟು. ಮರಿಗೆ ಎರಡು ವಾರ ಆದಾಗಿನಿಂದಲೇ ಶುರು ಮಾಡಿ, ಎರಡೆರಡು ವಾರಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ. ಮರಿ ಹಾಕಿದ ತಾಯಿಗೂ ಕೊಡಬೇಕು. ತೂಕಕ್ಕೆ ತಕ್ಕ ಡೋಸ್. ಲಾಡಿಹುಳಕ್ಕೆ ಪ್ರಾಜಿಕ್ವಾಂಟೆಲ್ ಇರುವ ಮಾತ್ರೆಯೇ ಆಗಬೇಕು. ನಾಯಿಯ ಬಾಲದ ಕೆಳಗೆ ಸೌತೆಬೀಜದಂಥ ಬಿಳಿ ತುಂಡುಗಳು ಅಂಟಿಕೊಂಡದ್ದು ಕಂಡರೆ ಅದೂ ಒಂದು ಲಾಡಿಹುಳ, ಚಿಗಟದಿಂದ ಬಂದದ್ದು. ಮಾತ್ರೆಯ ಜೊತೆ ಚಿಗಟಕ್ಕೂ ಮದ್ದು ಮಾಡದಿದ್ದರೆ ತಿಂಗಳೊಳಗೆ ಅದು ಮತ್ತೆ ಹಾಜರು.

ಹುಡುಗನ ಕಾಲಿನ ತುರಿಕೆ ಎರಡು ದಿನದಲ್ಲಿ ಇಳಿಯಿತು. ಹೊಸದಾಗಿ ಇಟ್ಟ ಚುಕ್ಕೆಯನ್ನು ಗೆರೆ ದಾಟಲಿಲ್ಲ. "ಒಳಗಿದ್ದ ಹುಳ ಎಲ್ಲಿ ಹೋಯ್ತು ಮಾಮ?" ಎಂದು ಕೇಳಿದ. ಸತ್ತು, ಮೇಲಿನ ಚರ್ಮ ಉದುರುವಾಗ ಅದರ ಜೊತೆಗೇ ಹೋಗುತ್ತದೆ ಎಂದೆ. ಅವನಿಗೆ ಸ್ವಲ್ಪ ಬೇಜಾರಾದ ಹಾಗೆ ಕಂಡಿತು, ಅಷ್ಟು ದಿನ ಅಳತೆ ಹಿಡಿದಿದ್ದನಲ್ಲ. ಈಗ ಮನೆಯ ನಾಯಿ ಬೊಳ್ಳುವಿನ ಮಾತ್ರೆಯ ಲೆಕ್ಕ ಅವನದೇ. ಕ್ಯಾಲೆಂಡರಿನಲ್ಲಿ ಮೂರು ತಿಂಗಳಿಗೊಂದು ಸುತ್ತು ಹಾಕಿದ್ದಾನೆ, ಮೊದಲನೆಯದು ಫೆಬ್ರವರಿ 10ಕ್ಕೇ. ಆ ದಿನ ಶಾಲೆಯಿಂದ ಬಂದವನು ಮಾತ್ರೆಯನ್ನು ಬೇಯಿಸಿದ ಬಂಗುಡೆಯ ತಲೆಯೊಳಗೆ ಬಚ್ಚಿಟ್ಟು ಬೊಳ್ಳುವಿನ ಮುಂದೆ ಇಟ್ಟ. ಬೊಳ್ಳು ತಲೆಯನ್ನು ಮುಳ್ಳೂ ಬಿಡದೆ ತಿಂದು, ಬಾಲ ಆಡಿಸಿ, ಮಾತ್ರೆಯನ್ನು ಮಾತ್ರ ಒದ್ದೆ ಮಾಡಿ ಹೊಸ್ತಿಲ ಮೇಲೆ ಉಗುಳಿತು.